ಹದಿಮೂರು ಮಾತ್ರೆ, ಒಂದು ಮೆಟ್ಟುಗತ್ತಿ: ಹಿರಿಯರ ಕ್ಲಿನಿಕ್ಕಿನ ಒಂದು ಪ್ರಕರಣ

ಮಲೆನಾಡಿನ ಒಂದು ತಾಲೂಕಿನಲ್ಲಿ ಟ್ರಸ್ಟ್ ನಡೆಸುವ ಸಣ್ಣ ಆಸ್ಪತ್ರೆ ನಮ್ಮದು. ಗುರುವಾರ ಮಧ್ಯಾಹ್ನ ಊಟ ಆದಮೇಲೆ ಅಲ್ಲಿ ಬೇರೆ ಓಪಿಡಿ ಇರುವುದಿಲ್ಲ. ಎಪ್ಪತ್ತು ದಾಟಿದವರು ಮಾತ್ರ ಬರುತ್ತಾರೆ. ಒಬ್ಬೊಬ್ಬರಿಗೆ 40 ನಿಮಿಷ. ಒಬ್ಬ ಫಿಸಿಶಿಯನ್ (ಅದು ನಾನು), ಒಬ್ಬರು ಸಿಸ್ಟರ್, ಆಸ್ಪತ್ರೆಯ ಫಾರ್ಮಸಿ ನೋಡಿಕೊಳ್ಳುವ ಹುಡುಗ, ವಾರಕ್ಕೆರಡು ದಿನ ಜಿಲ್ಲಾ ಕೇಂದ್ರದಿಂದ ಬಸ್ಸಿನಲ್ಲಿ ಬರುವ ಫಿಸಿಯೋಥೆರಪಿಸ್ಟ್. ಇಷ್ಟೇ ತಂಡ.

ಇದರಲ್ಲಿ ಹೊಸದೇನೂ ಇಲ್ಲ. 2010-11ರಲ್ಲಿ ಶುರುವಾದ ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಂದು ಹಿರಿಯರ ಕ್ಲಿನಿಕ್, ಜಿಲ್ಲಾಸ್ಪತ್ರೆಯಲ್ಲಿ ಹತ್ತು ಹಾಸಿಗೆಯ ವಾರ್ಡು ಅಂತ ಇದೆ. ನಾವು ಸೇರಿಸಿದ್ದು ಎರಡು ಸಂಗತಿ. ಮನೆಯಲ್ಲಿರುವ ಎಲ್ಲ ಮಾತ್ರೆಯನ್ನೂ ಚೀಲದಲ್ಲಿ ಹಾಕಿ ತನ್ನಿ ಅನ್ನುವುದು ಒಂದು. ಬೇಕಾದರೆ ನಾವೇ ಮನೆಗೆ ಹೋಗಿ ನೋಡುವುದು ಇನ್ನೊಂದು.

ಇಲ್ಲಿ ಬರೆಯುತ್ತಿರುವುದು ಒಬ್ಬ ಅಜ್ಜಿಯ ಕಥೆ. ಗುರುತು ಸಿಗಬಾರದು ಅಂತ ಊರು, ವಯಸ್ಸು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಔಷಧಿಯ ಲೆಕ್ಕ ಮಾತ್ರ ಬದಲಿಸಿಲ್ಲ. ನಾನು ಮಾಡಿದ ತಪ್ಪನ್ನೂ ಬದಲಿಸಿಲ್ಲ.

ಬಂದದ್ದು ಯಾಕೆ

ಅಜ್ಜಿಗೆ 76. ತೂಕ 44 ಕಿಲೋ. ಅಡಿಕೆ ತೋಟದ ಮನೆ. ಯಜಮಾನರು ತೀರಿಕೊಂಡು ಆರು ವರ್ಷ. ಮಗ, ಸೊಸೆ ಜೊತೆಗಿದ್ದಾರೆ, ಮಗಳು ಬೆಂಗಳೂರಿನಲ್ಲಿ. ಹದಿನಾಲ್ಕು ವರ್ಷದಿಂದ ಬಿಪಿ, ಶುಗರ್ ಎರಡೂ ಇದೆ.

ಜೂನ್ ಕೊನೆಯ ವಾರ, ಜೋರು ಮಳೆಯಲ್ಲಿ ಕರೆತಂದರು. ಮೂರು ತಿಂಗಳಲ್ಲಿ ಎರಡನೇ ಸಲ ಬಿದ್ದಿದ್ದರು. ಹುಬ್ಬಿನ ಮೇಲೆ ಹೊಲಿಗೆ ಇನ್ನೂ ಹಸಿ. ಬೀಳುವುದು ಒಂದೇ ಅಲ್ಲ. ಒಂದು ವರ್ಷದಿಂದ ಕೈ ನಡುಗುತ್ತಿತ್ತು. ನಡಿಗೆ ನಿಧಾನವಾಗಿತ್ತು. ಇತ್ತೀಚೆಗೆ ರಾತ್ರಿ ತೀರಿಕೊಂಡ ಯಜಮಾನರ ಜೊತೆ ಮಾತಾಡುತ್ತಿದ್ದರು. ಊಟ ಆಯಿತೋ ಇಲ್ಲವೋ ಅನ್ನುವುದೂ ಮರೆಯುತ್ತಿತ್ತು.

ಮಗ ಸ್ವಲ್ಪ ಸಂಕೋಚದಿಂದ ನಕ್ಕರು. "ಅರವತ್ತಕ್ಕೆ ಅರಳು ಮರಳು ಅಂತಾರಲ್ಲ ಡಾಕ್ಟ್ರೇ. ಇವರಿಗೆ ಎಪ್ಪತ್ತಾರಕ್ಕೆ ಬಂದಿದೆ, ನಮ್ಮ ಪುಣ್ಯ." ಮಗಳು ಫೋನಿನಲ್ಲಿದ್ದರು. ತಲೆಯ ಸ್ಕ್ಯಾನ್ ಮಾಡಿಸಿ, ಮರೆವಿನ ಕಾಯಿಲೆಗೆ ಮಾತ್ರೆ ಶುರು ಮಾಡಿ ಅಂತ ಅವರ ಒತ್ತಾಯ. ಅಜ್ಜಿ ಏನೂ ಹೇಳಲಿಲ್ಲ. ಮುಖದಲ್ಲಿ ಭಾವವೇ ಇರಲಿಲ್ಲ. ಕಣ್ಣು ರೆಪ್ಪೆ ಹೊಡೆಯುವುದೂ ಕಡಿಮೆ.

ಆ ಗಾದೆಗೆ ನನ್ನ ತಕರಾರು ಇದೆ. ಮುದುಕರಿಗೆ ದಿಢೀರನೆ ಆಗುವ ಗಲಿಬಿಲಿಗೆ ಬಹಳ ಸಲ ಕಾರಣ ಇರುತ್ತದೆ. ಸೋಂಕು, ಉಪ್ಪಿನ ಅಂಶ ಇಳಿಯುವುದು, ಮಲಬದ್ಧತೆ, ಮಾತ್ರೆ. ಗಾದೆ ಹೇಳಿದ ತಕ್ಷಣ ಹುಡುಕುವುದು ನಿಂತುಹೋಗುತ್ತದೆ.

ಬಿಸ್ಕತ್ತಿನ ಡಬ್ಬಿ

ಸೊಸೆ ಮಾತ್ರೆ ತಂದದ್ದು ಚೀಲದಲ್ಲಲ್ಲ, ತಗಡಿನ ಬಿಸ್ಕತ್ತು ಡಬ್ಬಿಯಲ್ಲಿ. ಮೇಜಿನ ಮೇಲೆ ಸುರಿದರು. ಅರ್ಧ ಕತ್ತರಿಸಿದ ಸ್ಟ್ರಿಪ್ಪುಗಳು, ರಬ್ಬರ್ ಬ್ಯಾಂಡ್ ಹಾಕಿದ ಚೀಟಿಗಳು, ಒಂದು ಸಣ್ಣ ನೋಟ್‌ಬುಕ್ಕು. ಸಿಸ್ಟರ್ ಮತ್ತು ಫಾರ್ಮಸಿ ಹುಡುಗ ಸೇರಿ ಬಿಡಿಸಿ ಜೋಡಿಸಿದರು. ಹದಿಮೂರು ಬಗೆ. ಬರೆದವರು ನಾಲ್ಕು ಜನ ಡಾಕ್ಟರು. ನಾಲ್ವರಲ್ಲಿ ಯಾರೂ ಉಳಿದ ಮೂವರ ಚೀಟಿಯನ್ನು ಪೂರ್ತಿ ನೋಡಿದಂತೆ ಇರಲಿಲ್ಲ.

ಸಾಮಾನ್ಯವಾಗಿ ಐದು ಅಥವಾ ಅದಕ್ಕಿಂತ ಜಾಸ್ತಿ ಔಷಧಿ ಇದ್ದರೆ ನಾವು ಅದನ್ನೇ ಒಂದು ತೊಂದರೆ ಅಂತ ಲೆಕ್ಕ ಹಾಕುತ್ತೇವೆ. ಹದಿಮೂರೂ ತಪ್ಪು ಅಂತಲ್ಲ. ಆದರೆ ಯಾವ ಮಾತ್ರೆ ಯಾವಾಗ, ಯಾಕೆ ಬಂತು ಅಂತ ಕಾಲಕ್ರಮದಲ್ಲಿ ಜೋಡಿಸಿದರೆ ಒಂದು ಕಥೆ ಕಾಣಿಸುತ್ತದೆ. ಇಲ್ಲಿ ಕಂಡ ಕಥೆ ಹೀಗಿತ್ತು.

ಬಿಪಿಗೆ ಆಮ್ಲೋಡಿಪಿನ್ 10 ಮಿಲಿಗ್ರಾಂ ಇತ್ತು. ಅದರಿಂದ ಪಾದ ಊದಿತು. ಊತಕ್ಕೆ ಫ್ಯೂರೋಸೆಮೈಡ್, ಅಂದರೆ ನೀರು ಹೋಗುವ ಮಾತ್ರೆ. ಪದೇ ಪದೇ ಒಂದಕ್ಕೆ ಹೋಗಬೇಕಾಯಿತು. ಅದಕ್ಕೆ ಟಾಲ್ಟೆರೋಡಿನ್ ಬಂತು. ಅದು ಬಾಯಿ ಒಣಗಿಸಿತು, ಮಲ ಕಟ್ಟಿತು, ತಲೆ ಮಂಜು ಮಾಡಿತು. ಇನ್ನೊಂದು ಕಡೆ, ಬಿಪಿಯ ಜೋಡಿ ಮಾತ್ರೆಯಲ್ಲೂ ನೀರು ಹೋಗುವ ಔಷಧಿ ಸೇರಿತ್ತು. ಎದ್ದು ನಿಂತರೆ ತಲೆ ಸುತ್ತು. ಅದಕ್ಕೆ ಸಿನ್ನರಿಜಿನ್. ಎರಡು ವರ್ಷದ ಹಿಂದೆ ಏಳು ದಿನಕ್ಕೆ ಅಂತ ಬರೆದದ್ದು. ಖಾಲಿ ಸ್ಟ್ರಿಪ್ಪು ತೋರಿಸಿದರೆ ಮೆಡಿಕಲ್ಲಿನಲ್ಲಿ ಕೊಡುತ್ತಿದ್ದರು, ಅದಕ್ಕೇ ನಿಂತಿರಲಿಲ್ಲ. ಸಿನ್ನರಿಜಿನ್ ತಿಂಗಳುಗಟ್ಟಲೆ ತೆಗೆದುಕೊಂಡರೆ ವಯಸ್ಸಾದವರಿಗೆ ಪಾರ್ಕಿನ್ಸನ್ ಥರದ ನಡುಕ, ಬಿಗಿತ ಬರಬಹುದು. ಇವರಿಗೆ ಬಂತು. ನಡುಕಕ್ಕೆ ಲೆವೊಡೋಪಾ ಶುರುವಾಯಿತು. ಎದ್ದು ನಿಂತಾಗಿನ ಬಿಪಿಯನ್ನು ಲೆವೊಡೋಪಾ ಇನ್ನಷ್ಟು ಇಳಿಸುತ್ತದೆ. ಇಲ್ಲದವರು ಕಣ್ಣಿಗೆ ಕಾಣುವುದೂ ಉಂಟು.

ಇಂಥದ್ದಕ್ಕೆ ವೈದ್ಯರು ಔಷಧಿಯ ಸರಪಳಿ ಅನ್ನುತ್ತೇವೆ. ಒಂದು ಔಷಧಿಯ ಅಡ್ಡಪರಿಣಾಮವನ್ನು ಹೊಸ ಕಾಯಿಲೆ ಅಂದುಕೊಂಡು ಇನ್ನೊಂದು ಔಷಧಿ ಕೊಡುವುದು. ಇಲ್ಲಿ ಎರಡು ಸರಪಳಿ ಒಂದಕ್ಕೊಂದು ಸಿಕ್ಕುಹಾಕಿಕೊಂಡಿದ್ದವು.

ಸೊಸೆ ನೋಟ್‌ಬುಕ್ಕು ತೆಗೆದು ಸಣ್ಣ ದನಿಯಲ್ಲಿ ಅಂದರು: "ಮಾವ ಕಾಣಿಸ್ಕೊಳ್ಳೋಕೆ ಶುರುವಾಗಿದ್ದು ಶಿವರಾತ್ರಿ ಆದ್ಮೇಲೆ." ಲೆವೊಡೋಪಾ ಚೀಟಿಯ ದಿನಾಂಕ ನೋಡಿದೆವು. ಶಿವರಾತ್ರಿಯ ಹಿಂದಿನ ವಾರ. ಆಕೆ ಇದನ್ನು ಮೊದಲೇ ಗಮನಿಸಿದ್ದರು. ಯಾರೂ ಕೇಳಿರಲಿಲ್ಲ.

ಇನ್ನೊಂದು ಸುಳಿವು ಸಿಕ್ಕಿದ್ದು ಸಿಸ್ಟರಿಗೆ. "ಬಿದ್ದಾಗ ಗಂಟೆ ಎಷ್ಟಾಗಿತ್ತು?" ಅಂತ ಕೇಳಿದರು. ಎರಡೂ ಸಲ ಬೆಳಗಿನ ಜಾವ, ನಾಲ್ಕು ನಾಲ್ಕೂವರೆ. ಅಜ್ಜಿ ರಾತ್ರಿ ಊಟಕ್ಕೆ ಒಂದು ಲೋಟ ಮಜ್ಜಿಗೆ, ಎರಡು ತುತ್ತು ಅನ್ನ ಬಿಟ್ಟರೆ ಏನೂ ತಿನ್ನುತ್ತಿರಲಿಲ್ಲ. ಆದರೆ ಶುಗರಿನ ಗ್ಲಿಮೆಪಿರೈಡ್ ಮಾತ್ರ ರಾತ್ರಿಯೂ ಹೋಗುತ್ತಿತ್ತು. ಊಟ ಇಲ್ಲದೆ ಅದು ಹೋದರೆ ಬೆಳಗಿನ ಜಾವ ಶುಗರ್ ತೀರಾ ಇಳಿಯುತ್ತದೆ. ಅವರ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರಿನ ಲೆಕ್ಕ) 6.1. ಹಳೇ ಚೀಟಿಯಲ್ಲಿ ಯಾರೋ ಆ ಅಂಕೆಯ ಪಕ್ಕ "ವೆರಿ ಗುಡ್" ಅಂತ ಬರೆದಿದ್ದರು. ನಲವತ್ತರವರಿಗೆ ಗುಡ್ ಸರಿ. 76ರ, ಸೊರಗಿದ, ಬೀಳುವ ಅಜ್ಜಿಗೆ ಅದು ಅಪಾಯ. ಇಂಥವರಿಗೆ 8ರ ಹತ್ತಿರ ಇದ್ದರೂ ನಾವು ನೆಮ್ಮದಿಯಾಗಿ ಇರುತ್ತೇವೆ.

ಪರೀಕ್ಷೆಗಳು ಬೇಗ ಮುಗಿದವು. ಮಲಗಿದಾಗ ಬಿಪಿ 138/78, ನಿಂತ ಒಂದು ನಿಮಿಷಕ್ಕೆ 108/64. ಮೇಲಿನ ಅಂಕೆ 20 ಇಳಿದರೇ ಸಾಕು, ಇಲ್ಲಿ 30 ಇಳಿದಿತ್ತು. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರುವುದಕ್ಕೆ 31 ಸೆಕೆಂಡು. 12 ದಾಟಿದರೇ ಬೀಳುವ ಭಯ ಇದೆ ಅಂತ ಲೆಕ್ಕ. ರಕ್ತದಲ್ಲಿ ಸೋಡಿಯಂ, ಅಂದರೆ ಉಪ್ಪಿನ ಅಂಶ, 126, ಬಹಳ ಕಡಿಮೆ. ಬಿ12 ಕಡಿಮೆ. ಮೆಟ್‌ಫಾರ್ಮಿನ್, ಗ್ಯಾಸಿನ ಮಾತ್ರೆ ಎರಡನ್ನೂ ವರ್ಷಗಟ್ಟಲೆ ತೆಗೆದುಕೊಂಡ ಸಸ್ಯಾಹಾರಿಗೆ ಅದು ಆಶ್ಚರ್ಯ ಅಲ್ಲ. ನೆನಪಿನ ಪರೀಕ್ಷೆಯಲ್ಲಿ 30ಕ್ಕೆ 17.

ಕೊನೆಗೆ ನಮ್ಮ ಕ್ಲಿನಿಕ್ಕಿನ ಒಂದು ಕಡ್ಡಾಯ ಪ್ರಶ್ನೆ. ಅಮೆರಿಕದಲ್ಲಿ 2017ರಲ್ಲಿ ಜಾನ್ ಎ. ಹಾರ್ಟ್‌ಫರ್ಡ್ ಫೌಂಡೇಶನ್ ಮತ್ತು ಐಎಚ್ಐ (ಇನ್‌ಸ್ಟಿಟ್ಯೂಟ್ ಫಾರ್ ಹೆಲ್ತ್‌ಕೇರ್ ಇಂಪ್ರೂವ್‌ಮೆಂಟ್) ಸಂಸ್ಥೆ ಸೇರಿ ಶುರು ಮಾಡಿದ ಹಿರಿಯಸ್ನೇಹಿ ಆಸ್ಪತ್ರೆಗಳ ಕೆಲಸದಲ್ಲಿ ನಾಲ್ಕು ವಿಷಯ ನೋಡುತ್ತಾರೆ: ಅವರಿಗೆ ಮುಖ್ಯ ಏನು, ಔಷಧಿ, ಮನಸ್ಸು, ಓಡಾಟ. ಅದರಲ್ಲಿ ಮೊದಲನೆಯದನ್ನು ನಾನು ಯಥಾವತ್ತು ಎತ್ತಿಕೊಂಡಿದ್ದೇನೆ. "ಅಮ್ಮಾ, ನಿಮಗೆ ಏನು ಆಗಬೇಕು?"

ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಬಲಗೈ ಎತ್ತಿ ತೋರಿಸಿದರು. ಹೆಬ್ಬೆರಳ ಬುಡದಲ್ಲಿ ಹಳೇ ಗಾಯದ ಕಲೆ. "ಹೋದ ವರ್ಷ ಅಡಿಕೆ ಕೊಯ್ಲಿನಲ್ಲಿ ಕೊಯ್ದುಕೊಂಡೆ. ಆಮೇಲೆ ಇವರು ಕತ್ತಿ ಮುಟ್ಟೋಕೆ ಬಿಟ್ಟಿಲ್ಲ. ಈ ಸಲ ಅಡಿಕೆ ಸುಲೀಬೇಕು."

ಮಗ ತಲೆ ತಗ್ಗಿಸಿದರು. ಅಮ್ಮನಿಗೆ ಇದು ಬೇಕು ಅಂತ ಅವರಿಗೆ ಗೊತ್ತೇ ಇರಲಿಲ್ಲವಂತೆ.

ನನ್ನ ತಪ್ಪು

ಸೋಡಿಯಂ 126 ಇದ್ದು ಗಲಿಬಿಲಿಯೂ ಇದ್ದದ್ದರಿಂದ ಅಡ್ಮಿಟ್ ಮಾಡಿದೆ. ಆ ನಿರ್ಧಾರ ಸರಿ. ಅವತ್ತು ಸಂಜೆ ಕೇಸ್ ಶೀಟಿನಲ್ಲಿ ನಾನು ಬರೆದದ್ದು ಸರಿ ಅಲ್ಲ.

ಸರಪಳಿ ಸಿಕ್ಕಿದ ಖುಷಿಯಲ್ಲಿದ್ದೆ ಅಂತ ಕಾಣುತ್ತೆ. ಬಿಪಿ ಮಾತ್ರೆಯಲ್ಲಿದ್ದ ಥಯಜೈಡ್ (ಅದೇ ನೀರು ಹೋಗುವ ಔಷಧಿ), ಫ್ಯೂರೋಸೆಮೈಡ್, ಗ್ಲಿಮೆಪಿರೈಡ್, ಸಿನ್ನರಿಜಿನ್, ಟಾಲ್ಟೆರೋಡಿನ್, ಮಂಡಿ ನೋವಿನ ಡೈಕ್ಲೋಫಿನಾಕ್, ಎಲ್ಲಕ್ಕೂ ಗೀಟು ಎಳೆದೆ. ಅದೇ ಗೀಟಿನಲ್ಲಿ ನಾಲ್ಕು ವರ್ಷದಿಂದ ನುಂಗುತ್ತಿದ್ದ ನಿದ್ದೆ ಮಾತ್ರೆ ಆಲ್ಪ್ರಜೋಲಮ್ಮೂ ಹೋಯಿತು. ಅದನ್ನು ದಿಢೀರ್ ನಿಲ್ಲಿಸಬಾರದು ಅಂತ ಎಂಬಿಬಿಎಸ್ ಹುಡುಗರಿಗೂ ಗೊತ್ತು. ನನಗೂ ಗೊತ್ತಿತ್ತು.

ಎರಡನೇ ರಾತ್ರಿ. ಸೋಡಿಯಂ 129ಕ್ಕೆ ಏರಿತ್ತು, ಅಂದರೆ ಅಜ್ಜಿ ಸುಧಾರಿಸಬೇಕಿತ್ತು. ಬದಲಿಗೆ ಬೆವರಿದರು, ನಡುಗಿದರು, ಡ್ರಿಪ್ಪು ಕಿತ್ತರು, ಮನೆಗೆ ಹೋಗಬೇಕು ಅಂತ ಕೂಗಿದರು. ಪಕ್ಕದ ಬೆಡ್ಡಿನವರೆಲ್ಲ ಎದ್ದು ಕೂತರು. ಡ್ಯೂಟಿಯಲ್ಲಿದ್ದ ಹೊಸ ಡಾಕ್ಟರು ಹ್ಯಾಲೋಪೆರಿಡಾಲ್, ಅಂದರೆ ಕೂಗಾಟ ತಣಿಸುವ ಇಂಜೆಕ್ಷನ್, ಬರೆದರು. ಸಿರಿಂಜಿಗೆ ತುಂಬಿದ್ದೂ ಆಗಿತ್ತು. ನಮ್ಮ ಸಿಸ್ಟರಿಗೆ ಅವತ್ತು ನೈಟ್ ಡ್ಯೂಟಿ. ಚುಚ್ಚುವ ಮೊದಲು ನನಗೆ ಫೋನ್ ಮಾಡಿದರು. "ಸರ್, ಈಗಾಗಲೇ ಕೈಕಾಲು ಬಿಗಿ ಇರೋರಿಗೆ ಇದು ಕೊಡಬಹುದಾ? ಇನ್ನೊಂದು, ಅವರ ನಿದ್ದೆ ಮಾತ್ರೆ ಎರಡು ದಿನದಿಂದ ಹೋಗಿಲ್ಲ."

ಎರಡೂ ಮಾತು ಸರಿ. ಆ ಇಂಜೆಕ್ಷನ್ ಹೋಗಿದ್ದರೆ ಬಿಗಿತ ಇನ್ನಷ್ಟು ಜಾಸ್ತಿಯಾಗುತ್ತಿತ್ತು. ಆಲ್ಪ್ರಜೋಲಮ್ ಹಳೇ ಪ್ರಮಾಣದಲ್ಲೇ ವಾಪಸ್ ಕೊಟ್ಟೆವು. ಲೈಟು ಆರಿಸಿ, ಸೊಸೆಯನ್ನು ಬೆಡ್ಡಿನ ಪಕ್ಕ ಕೂರಿಸಿ, ಕನ್ನಡಕ ಹಾಕಿಸಿದೆವು. ಬೆಳಗಿನ ಹೊತ್ತಿಗೆ ಅಜ್ಜಿ ಮಲಗಿದ್ದರು.

ಆದರೆ ಮಗಳು ಬೆಂಗಳೂರಿನಿಂದ ಬಂದಾಗಿತ್ತು. "ಸಿಟಿ ದೊಡ್ಡ ಡಾಕ್ಟ್ರು ಬರೆದ ಮಾತ್ರೆ ನೀವು ಹೇಗೆ ನಿಲ್ಲಿಸ್ತೀರಿ? ನಿಲ್ಲಿಸಿದ್ದಕ್ಕೇ ಅಮ್ಮ ಹೀಗಾಗಿದ್ದು." ಒಂದು ಮಾತ್ರೆಯ ಮಟ್ಟಿಗೆ ಅವರು ಹೇಳಿದ್ದು ನಿಜ. ನಾನು ಹಾಗೇ ಒಪ್ಪಿಕೊಂಡೆ. "ನಿದ್ದೆ ಮಾತ್ರೆ ಒಮ್ಮೆಗೇ ನಿಲ್ಲಿಸಿದ್ದು ನನ್ನ ತಪ್ಪು. ಉಳಿದದ್ದರ ಬಗ್ಗೆ ನಿಮಗೆ ಕೂತು ಹೇಳ್ತೀನಿ." ಅವರ ಸಿಟ್ಟು ಆ ಹೊತ್ತಿಗೇ ಅರ್ಧ ಇಳಿಯಿತು. ಒಪ್ಪಿಕೊಳ್ಳದೆ ವಾದಕ್ಕೆ ನಿಂತಿದ್ದರೆ ಅಜ್ಜಿಯನ್ನು ಅವತ್ತೇ ಡಿಸ್‌ಚಾರ್ಜ್ ಮಾಡಿಸಿಕೊಂಡು ಹೋಗುತ್ತಿದ್ದರು ಅಂತ ನನ್ನ ಅಂದಾಜು.

ಒಂದು ಬಿಳಿ ಹಾಳೆಯಲ್ಲಿ ಬಾಣ ಹಾಕಿ ಸರಪಳಿ ಬರೆದು ತೋರಿಸಿದೆ. ಮಗಳ ಎದುರಿಗೇ ಸಿಟಿಯ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಒಳ್ಳೆಯವರು. ಸಿನ್ನರಿಜಿನ್ ಎರಡು ವರ್ಷ ನಡೆದಿದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಹೃದಯಾಘಾತ, ಪಾರ್ಶ್ವವಾಯು ಯಾವುದೂ ಆಗಿಲ್ಲದವರಿಗೆ ಆಸ್ಪಿರಿನ್ ಬೇಡ ಅಂತ ಇಬ್ಬರೂ ಒಪ್ಪಿದೆವು. ಕೊಲೆಸ್ಟರಾಲ್ ಮಾತ್ರೆಯ ವಿಷಯದಲ್ಲಿ ಒಮ್ಮತ ಬರಲಿಲ್ಲ. ಅದನ್ನು ಹಾಗೇ ಬಿಟ್ಟೆವು.

ಇಲ್ಲೊಂದು ಮಾತು. ವಯಸ್ಸಾದವರಿಗೆ ಯಾವ ಔಷಧಿ ಬೇಡ ಅನ್ನುವುದಕ್ಕೆ 1991ರಿಂದ ಬಿಯರ್ಸ್ ಪಟ್ಟಿ ಅಂತ ಒಂದಿದೆ. ಅಮೆರಿಕನ್ ಜೀರಿಯಾಟ್ರಿಕ್ಸ್ ಸೊಸೈಟಿ 2023ರಲ್ಲಿ ಅದನ್ನು ಪರಿಷ್ಕರಿಸಿದೆ. ಗ್ಲಿಮೆಪಿರೈಡ್, ಆಲ್ಪ್ರಜೋಲಮ್ ಎಲ್ಲ ಅದರಲ್ಲಿ ಸಿಗುತ್ತವೆ. ಸಿನ್ನರಿಜಿನ್ ಹುಡುಕಿದರೆ ಸಿಗುವುದಿಲ್ಲ, ಯಾಕೆಂದರೆ ಆ ಔಷಧಿ ಅಮೆರಿಕದಲ್ಲಿ ಮಾರಾಟಕ್ಕೇ ಇಲ್ಲ. ನಮ್ಮೂರಿನ ತೊಂದರೆಗಳು ಹೊರಗಿನ ಪಟ್ಟಿಯಲ್ಲಿ ಇರುತ್ತವೆ ಅಂತ ನಂಬಿ ಕೂತರೆ ಆಗಲ್ಲ, ಅಲ್ವಾ?

ಒಂದು ಸಲಕ್ಕೆ ಒಂದು

ಅಜ್ಜಿ ಐದನೇ ದಿನ ಮನೆಗೆ ಹೋದರು, ಸೋಡಿಯಂ 133. ಆಮೇಲೆ ನಾವು ಒಂದು ನಿಯಮ ಹಾಕಿಕೊಂಡೆವು. ಅಪಾಯದ ಔಷಧಿ ಬಿಟ್ಟರೆ ಉಳಿದದ್ದನ್ನು ಒಂದು ಸಲಕ್ಕೆ ಒಂದೇ ಇಳಿಸುವುದು, ಎರಡು ವಾರ ನೋಡುವುದು, ಸೊಸೆಯ ನೋಟ್‌ಬುಕ್ಕನ್ನೇ ಕೇಸ್ ಶೀಟ್ ಅಂತ ಲೆಕ್ಕ ಹಾಕುವುದು.

ಲೆವೊಡೋಪಾ ಮೆಲ್ಲಗೆ ಇಳಿಸಿದೆವು. ಅದು ನಿಂತ ಹತ್ತು ದಿನಕ್ಕೆ ಯಜಮಾನರು ಬರುವುದು ನಿಂತಿತು. ಅಜ್ಜಿಗೆ ಅದರ ಬಗ್ಗೆ ಸ್ವಲ್ಪ ಬೇಜಾರೂ ಆಯಿತು. ಇದನ್ನು ನಾನು ಮೊದಲೇ ಯೋಚಿಸಿರಲಿಲ್ಲ.

ನಿದ್ದೆ ಮಾತ್ರೆಗೆ ಹತ್ತು ವಾರ ಬೇಕಾಯಿತು. ಫಾರ್ಮಸಿ ಹುಡುಗ ಮಾತ್ರೆ ಕಾಲು ಕಾಲು ಕತ್ತರಿಸಿ, ಕುಂಕುಮದ ಪೊಟ್ಟಣದ ಹಾಗೆ ಕಾಗದದಲ್ಲಿ ಮಡಿಸಿ, ಮೇಲೆ ದಿನಾಂಕ ಬರೆದು ಕೊಡುತ್ತಿದ್ದ. ಇಡೀ ಪ್ರಕರಣದಲ್ಲಿ ನನಗೆ ಅತಿ ಇಷ್ಟವಾದ ಆವಿಷ್ಕಾರ ಇದೇ. ಗ್ಯಾಸಿನ ಮಾತ್ರೆ ನಿಲ್ಲಿಸಿದಾಗ ಎರಡು ವಾರ ಎದೆ ಉರಿ ಬಂತು, ಹೋಯಿತು. ಆಮ್ಲೋಡಿಪಿನ್ 2.5ಕ್ಕೆ ಇಳಿಸಿದ ಮೇಲೆ ಪಾದದ ಊತ ತಾನಾಗಿ ಇಳಿಯಿತು. ಡೈಕ್ಲೋಫಿನಾಕ್ ಬದಲು ಬೇಕಾದಾಗ ಪ್ಯಾರಸಿಟಮಾಲ್. ಬಿ12 ಇಂಜೆಕ್ಷನ್, ಆಮೇಲೆ ಮಾತ್ರೆ. ಅಕ್ಟೋಬರ್ ಹೊತ್ತಿಗೆ ಡಬ್ಬಿಯಲ್ಲಿ ಏಳು ಬಗೆ ಉಳಿದಿತ್ತು.

ಜುಲೈನಲ್ಲಿ ಸಿಸ್ಟರ್ ಮತ್ತು ಫಿಸಿಯೋ ಮನೆಗೆ ಹೋದರು. ಹಳೇ ಮನೆ. ಮಲಗುವ ಕೋಣೆಯಿಂದ ಬಚ್ಚಲಿಗೆ ಹೋಗಬೇಕೆಂದರೆ ಎರಡು ಎತ್ತರದ ಹೊಸ್ತಿಲು ದಾಟಿ, ಹಿತ್ತಿಲ ಬಾಗಿಲು ತೆಗೆದು, ಪಾಚಿ ಹಿಡಿದ ಎರಡು ಮೆಟ್ಟಿಲು ಇಳಿಯಬೇಕು. ಜೀರೋ ಬಲ್ಬು. ಬೆಳಗಿನ ಜಾವ ನಾಲ್ಕು ಗಂಟೆಗೆ, ಶುಗರ್ ಇಳಿದು, ಬಿಪಿ ಇಳಿದು, ನಿದ್ದೆ ಮಾತ್ರೆಯ ಮಂಪರಿನಲ್ಲಿ, ಮಳೆಗಾಲದಲ್ಲಿ. ಎರಡೇ ಸಲ ಬಿದ್ದದ್ದು ಹೇಗೆ ಅಂತ ಫಿಸಿಯೋಗೆ ಆಶ್ಚರ್ಯ.

ನಾವು ಹಾಸಿಗೆ ಪಕ್ಕ ಇಡುವ ಕಮೋಡ್ ಕುರ್ಚಿ ಕಳಿಸಿದೆವು. ಅಜ್ಜಿ ಸುತರಾಂ ಒಪ್ಪಲಿಲ್ಲ. ಗೋಡೆಯ ಆಚೆ ದೇವರ ಕೋಣೆ. "ಅಲ್ಲಿ ಅದೆಲ್ಲ ಆಗಲ್ಲ ತಂಗಿ" ಅಂತ ಸಿಸ್ಟರಿಗೆ ಖಡಾಖಂಡಿತ ಹೇಳಿದರು. ಕುರ್ಚಿ ಈಗಲೂ ಆ ಮನೆಯಲ್ಲಿದೆ, ಮಳೆಗಾಲದಲ್ಲಿ ಬಟ್ಟೆ ಒಣಗಿಸುತ್ತಾರೆ. ದಾರಿ ಹುಡುಕಿದ್ದು ಮಗ. ಬಚ್ಚಲಿಗೆ ಅಂಟಿಕೊಂಡಂತೆ ಅಡಿಕೆ ಮೂಟೆ ಇಡುವ ಕೋಣೆ ಇತ್ತು. ಮೂಟೆಗಳನ್ನು ಅಟ್ಟಕ್ಕೆ ಹಾಕಿ, ಆ ಕೋಣೆಯನ್ನು ಅಮ್ಮನಿಗೆ ಬಿಟ್ಟುಕೊಟ್ಟರು. ಅಡಿಕೆ ಮನೆಯಲ್ಲಿ ಇದು ಸಣ್ಣ ತ್ಯಾಗ ಅಲ್ಲ. ಊರಿನ ವೆಲ್ಡಿಂಗ್ ಅಂಗಡಿಯವರು ಜಿಐ ಪೈಪಿನಿಂದ ಗೋಡೆಗೆ ಹಿಡಿಕೆ ಹಾಕಿದರು. ಮೆಟ್ಟಿಲಿಗೆ ಒರಟು ಸಿಮೆಂಟು ಬಿತ್ತು.

ವ್ಯಾಯಾಮ ಅಂದರೆ ಕುರ್ಚಿಯಿಂದ ಕೈ ಊರದೆ ಏಳುವುದು, ಅಡಿಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಅಷ್ಟೇ. ಧಾರಾವಾಹಿಯ ನಡುವೆ ಜಾಹೀರಾತು ಬಂದಾಗಲೆಲ್ಲ ಮಾಡಬೇಕು ಅಂತ ಸೊಸೆ ಕಟ್ಟಳೆ ಹಾಕಿದರು. ಜಾಹೀರಾತು ಎಷ್ಟು ಬರುತ್ತೆ ಅಂತ ನಿಮಗೆ ಗೊತ್ತಲ್ಲ, ವ್ಯಾಯಾಮಕ್ಕೆ ಕೊರತೆ ಆಗಲಿಲ್ಲ.

ಏನಾಯಿತು, ಏನಾಗಲಿಲ್ಲ

ನವೆಂಬರಿನಲ್ಲಿ ಮೂರು ಮೀಟರ್ ನಡಿಗೆ 17 ಸೆಕೆಂಡಿಗೆ ಬಂತು. ನಿಂತಾಗ ಬಿಪಿ ಇಳಿಯುವುದು 10ರ ಒಳಗೆ. ಎಚ್‌ಬಿಎ1ಸಿ 7.6. ನೆನಪಿನ ಪರೀಕ್ಷೆಯಲ್ಲಿ 23.

23 ಪೂರ್ತಿ ಸರಿ ಅಲ್ಲ. ಔಷಧಿಯ ಮಂಜು ಸರಿದ ಮೇಲೂ ಸ್ವಲ್ಪ ಮರೆವು ಉಳಿದಿದೆ. ಅದು ನಿಜವಾದ ಮರೆವಿನ ಕಾಯಿಲೆಯ ಶುರು ಇರಬಹುದು ಅಂತ ಮಕ್ಕಳಿಗೆ ಹೇಳಿದ್ದೇನೆ. ಎಡಗೈ ನಡುಕವೂ ಪೂರ್ತಿ ಹೋಗಿಲ್ಲ. ಸಿನ್ನರಿಜಿನ್ ನಿಲ್ಲಿಸಿದ ಮೇಲೆ ಇದು ಹೋಗಲು ಕೆಲವು ತಿಂಗಳು ಬೇಕು. ಕೆಲವರಲ್ಲಿ ಒಳಗೆ ಅಡಗಿದ್ದ ಪಾರ್ಕಿನ್ಸನ್ ಹಾಗೇ ಉಳಿಯುತ್ತದೆ. ಕಾದು ನೋಡುತ್ತಿದ್ದೇವೆ. ಅಕ್ಟೋಬರಿನಲ್ಲಿ ಮತ್ತೊಂದು ಸಲ ಬಿದ್ದರು. ಅಂಗಳದಲ್ಲಿ ಕರುವಿನ ಹಗ್ಗ ಕಾಲಿಗೆ ಸಿಕ್ಕಿತು, ಮೊಣಕೈ ತರಚಿತು. ತಲೆ ಸುತ್ತಿ ಬಿದ್ದದ್ದಲ್ಲ ಅಂತ ಸಿಸ್ಟರ್ ಆ ದಿನದ ನೋಟಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ, ಗೆದ್ದವರ ಹಾಗೆ.

ಈ ಪ್ರಕರಣ ಆದಮೇಲೆ ಕ್ಲಿನಿಕ್ಕಿನಲ್ಲಿ ಮೂರು ಬದಲಾವಣೆ ಆಗಿವೆ. ಯಾರೇ ಬಿದ್ದು ಬಂದರೂ ಫಾರಂನಲ್ಲಿ "ಎಷ್ಟು ಗಂಟೆಗೆ?" ಅನ್ನುವ ಸಾಲು ಇದೆ. ನಿದ್ದೆ ಮಾತ್ರೆಯ ಹೆಸರನ್ನು ಹಳದಿ ಬಣ್ಣದಲ್ಲಿ ಗುರುತು ಮಾಡಿ, ಫಾರ್ಮಸಿಗೆ ತೋರಿಸದೆ ಯಾರೂ ನಿಲ್ಲಿಸುವಂತಿಲ್ಲ, ನನ್ನನ್ನೂ ಸೇರಿಸಿ. ಮೂರನೆಯದು, ಊರಿನ ಮೂರು ಮೆಡಿಕಲ್ ಅಂಗಡಿಯವರನ್ನು ಕೂರಿಸಿ ಮಾತಾಡಿದೆವು. ತಲೆಸುತ್ತಿನ ಮಾತ್ರೆಯ ಹಳೇ ಸ್ಟ್ರಿಪ್ಪು ಹಿಡಿದು ಬರುವ ಹಿರಿಯರನ್ನು ಒಮ್ಮೆ ನಮ್ಮಲ್ಲಿಗೆ ಕಳಿಸಿ ಅಂದೆವು. ಇಬ್ಬರು ಕಳಿಸುತ್ತಿದ್ದಾರೆ.

ಇನ್ನು ಮೆಟ್ಟುಗತ್ತಿ, ಅಂದರೆ ನೆಲದ ಮಟ್ಟಕ್ಕೆ ಕೂತು ಅಡಿಕೆ ಸುಲಿಯುವ ಕತ್ತಿ. ಅಡಿಕೆ ಕೊಯ್ಲು ಶುರುವಾದಾಗ ಅಜ್ಜಿ ಮಾತು ಮರೆತಿರಲಿಲ್ಲ. ಫಿಸಿಯೋ ನೆಲದ ಮಟ್ಟಕ್ಕೆ ಕೂರುವುದು ಬೇಡವೇ ಬೇಡ ಅಂದರು, ಮಂಡಿ ತಡೆಯಲ್ಲ. ಹರಿತದ ಕತ್ತಿ, ನಡುಗುವ ಎಡಗೈ ಬೇರೆ. ನನಗೂ ಧೈರ್ಯ ಇರಲಿಲ್ಲ. ಆದರೆ ಕೇಳಿದ್ದು ನಾನೇ, ಏನು ಬೇಕು ಅಂತ. ಆಚಾರಿಯನ್ನು ಕರೆಸಿ ಮೆಟ್ಟುಗತ್ತಿಯನ್ನು ಕುರ್ಚಿ ಎತ್ತರದ ಬೆಂಚಿಗೆ ಕೂರಿಸಿದರು. ಅದೇ ಬೆಂಚಿನಲ್ಲಿ ಕೂತು ಸುಲಿಯಬಹುದು, ಬೆನ್ನಿಗೆ ಗೋಡೆ. ಹಗಲು ಮಾತ್ರ, ದಿನಕ್ಕೆ ಒಂದು ಗಂಟೆ, ಪಕ್ಕದಲ್ಲಿ ಯಾರಾದರೂ ಇರಬೇಕು ಅಂತ ಒಪ್ಪಂದ.

ಡಿಸೆಂಬರಿನಲ್ಲಿ ಸಿಸ್ಟರ್ ಹೋದಾಗ ಅಜ್ಜಿ ಜಗಲಿಯ ತುದಿಯಲ್ಲಿ ಕೂತು ಸುಲಿಯುತ್ತಿದ್ದರಂತೆ. ಕೈ ನಿಧಾನ. ಒಂದು ಗಂಟೆಗೆ ಅರ್ಧ ಬುಟ್ಟಿಯೂ ಆಗುವುದಿಲ್ಲ. ಸುಲಿದ ಅಡಿಕೆಯಲ್ಲಿ ಅಲ್ಲಲ್ಲಿ ಸಿಪ್ಪೆ ಉಳಿದಿರುತ್ತದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಸೊಸೆ ಅದನ್ನು ಸುಮ್ನೆ ಇನ್ನೊಮ್ಮೆ ಸುಲಿದು ಸರಿ ಮಾಡುತ್ತಾರೆ. ಅಜ್ಜಿಗೆ ಅದು ಗೊತ್ತು.